ಎಂಟನೇ ಆಟಗಾರ ಯಾರು?

ಎರಡನೇ ಕ್ವಾರ್ಟರ್ ಶುರುವಾಗುತ್ತಿದ್ದಂತೆ ತಂಡದ ಅತ್ಯುತ್ತಮ ಹುಡುಗನನ್ನು ನಾನು ಬೆಂಚಿಗೆ ಕರೆಯುತ್ತೇನೆ. ಪಾಯಿಂಟ್ ಸಮಸಮ ಇದ್ದರೂ ಕರೆಯುತ್ತೇನೆ. "ಸರ್, ಅಷ್ಟು ಚೆನ್ನಾಗಿ ಆಡ್ತಿದ್ದ, ಯಾಕೆ ಕೂರಿಸಿದ್ರಿ?" ಶಿವಮೊಗ್ಗದಲ್ಲಿ ಬಾಸ್ಕೆಟ್‌ಬಾಲ್ ಕಲಿಸುವ ನನಗೆ ಅಪ್ಪ ಅಮ್ಮಂದಿರಿಂದ ಜಾಸ್ತಿ ಬರುವ ಪ್ರಶ್ನೆ ಇದೇ. ಇದಕ್ಕೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎದ ಫೈನಲ್‌ಗಳನ್ನೇ ಇಟ್ಟುಕೊಂಡು ಉತ್ತರ ಹೇಳುತ್ತೇನೆ. ಅಲ್ಲಿ ಫೈನಲ್ ಅಂದರೆ ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರಿಗೆ ಕಪ್. ಜೂನ್‌ನಲ್ಲಿ ಬೆಳಿಗ್ಗೆ ಆರಕ್ಕೇ ಎದ್ದು ಅವನ್ನು ನೋಡುವ ಮಕ್ಕಳು ನಮ್ಮಲ್ಲಿ ಈಗ ತುಂಬ ಇದ್ದಾರೆ.

ಸ್ಟಾರ್ ಬೇಡ ಅಂತ ನಾನು ಹೇಳುತ್ತಿಲ್ಲ. ಸ್ಟಾರ್ ಇಲ್ಲದೆ ಗೆದ್ದವರು ಯಾರು ಅಂದರೆ ಎಲ್ಲರೂ 2004ರ ಡೆಟ್ರಾಯಿಟ್ ಪಿಸ್ಟನ್ಸ್ ಹೆಸರು ಹೇಳುತ್ತಾರೆ. ಶಕೀಲ್ ಓನೀಲ್, ಕೋಬಿ ಬ್ರಯಂಟ್, ಕಾರ್ಲ್ ಮಲೋನ್, ಗ್ಯಾರಿ ಪೇಟನ್ ಎಲ್ಲ ಇದ್ದ ಲೇಕರ್ಸ್ ತಂಡವನ್ನು ಅವರು 4-1ರಿಂದ ಸೋಲಿಸಿದರು. ಇಪ್ಪತ್ತು ವರ್ಷ ಕಳೆದರೂ ಅದೇ ಒಂದು ಹೆಸರು ಬಾಯಿಗೆ ಬರುತ್ತದೆ ಅಂದರೆ ಅದು ಎಷ್ಟು ಅಪರೂಪ ನೋಡಿ. ಅದರಲ್ಲೂ ಗೆಲ್ಲಿಸಿದ್ದು ಬೆಂಚಿನಲ್ಲಿದ್ದ ಬದಲಿ ಆಟಗಾರರ ದಂಡಲ್ಲ. ಬಿಲಪ್ಸ್, ಹ್ಯಾಮಿಲ್ಟನ್, ಪ್ರಿನ್ಸ್, ಇಬ್ಬರು ವಾಲೇಸ್‌ಗಳು, ಈ ಐವರೂ ಬಿಡದೆ ಆಡಿದ ಡಿಫೆನ್ಸ್.

ಹಾಗಾದರೆ ಒಬ್ಬನನ್ನೇ ನಂಬಿದರೆ ಏನಾಗುತ್ತದೆ? 2015ರ ಫೈನಲ್ ನೋಡಿ. ಕ್ಲೀವ್‌ಲ್ಯಾಂಡ್‌ನ ಕೆವಿನ್ ಲವ್ ಮೊದಲ ಸುತ್ತಿನಲ್ಲೇ ಭುಜಕ್ಕೆ ಪೆಟ್ಟು ಮಾಡಿಕೊಂಡು ಹೊರಗೆ ಹೋಗಿದ್ದರು. ಫೈನಲ್‌ನ ಮೊದಲ ಪಂದ್ಯದಲ್ಲಿ ಕೈರಿ ಅರ್ವಿಂಗ್ ಮಂಡಿಚಿಪ್ಪು ಮುರಿಯಿತು. ಉಳಿದವರು ಲೆಬ್ರಾನ್ ಜೇಮ್ಸ್. ಪಂದ್ಯಕ್ಕೆ ಸುಮಾರು 46 ನಿಮಿಷ ಆಡಿ, ಸರಾಸರಿ 35.8 ಪಾಯಿಂಟ್ ಹೊಡೆದರು. ಮೂರು ಪಂದ್ಯ ಆದಾಗ ಅವರ ತಂಡವೇ 2-1ರಿಂದ ಮುಂದಿತ್ತು. ಆಮೇಲೆ ಗೋಲ್ಡನ್ ಸ್ಟೇಟ್ ಸತತ ಮೂರು ಪಂದ್ಯ ಗೆದ್ದು ಕಪ್ ಎತ್ತಿತು.

ಆ ತಿರುವು ಹೇಗೆ ಬಂತು ಅನ್ನುವುದು ನನಗೆ ತುಂಬ ಇಷ್ಟದ ಕಥೆ. ಹಿಂದಿನ ವರ್ಷದ ಫೈನಲ್‌ನಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ಮೂರನೇ ಪಂದ್ಯದಿಂದ ಎತ್ತರದ ಸ್ಪ್ಲಿಟರ್ ಬದಲು ಪಾಸ್ ಚೆನ್ನಾಗಿ ಕೊಡುವ ಬೋರಿಸ್ ಡಿಯಾವ್‌ರನ್ನು ಮೊದಲ ಐವರಲ್ಲಿ ಇಳಿಸಿತ್ತು. ಆ ಸರಣಿಯ ವಿಡಿಯೊ ನೋಡುತ್ತಿದ್ದ ಗೋಲ್ಡನ್ ಸ್ಟೇಟ್ ಸಿಬ್ಬಂದಿಯೊಬ್ಬರಿಗೆ ನಾವೂ ಹಾಗೆ ಮಾಡಬಾರದೇಕೆ ಅನ್ನಿಸಿತು. ಕೋಚ್ ಸ್ಟೀವ್ ಕರ್ ಒಪ್ಪಿದರು. ನಾಲ್ಕನೇ ಪಂದ್ಯಕ್ಕೆ ಎತ್ತರದ ಸೆಂಟರ್ ಬೋಗಟ್ ಬೆಂಚಿಗೆ, ಆಂಡ್ರೆ ಇಗ್ವೊಡಾಲ ಕೋರ್ಟಿಗೆ. ಆ ಸೀಸನ್ ಪೂರ್ತಿ ಬೆಂಚಿನಿಂದಲೇ ಬಂದಿದ್ದ ಆಟಗಾರ ಅವರು. ಆ ಪಂದ್ಯ 103-82. ಫೈನಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಇಗ್ವೊಡಾಲಗೇ ಹೋಯಿತು.

ಇದೇ ಸ್ಟೀವ್ ಕರ್ 1997ರಲ್ಲಿ ಶಿಕಾಗೊ ಬುಲ್ಸ್ ಆಟಗಾರ. ಯೂಟಾ ವಿರುದ್ಧ ಆರನೇ ಪಂದ್ಯ, 86-86. ಚೆಂಡು ಮೈಕೆಲ್ ಜೋರ್ಡನ್ ಕೈಯಲ್ಲಿ. ಯೂಟಾದ ಸ್ಟಾಕ್ಟನ್ ತಾವು ಕಾಯುತ್ತಿದ್ದ ಕರ್‌ರನ್ನು ಬಿಟ್ಟು ಜೋರ್ಡನ್ ಕಡೆ ಓಡಿದರು. ಜೋರ್ಡನ್ ಪಾಸ್ ಕೊಟ್ಟರು, ಕರ್ ಹೊಡೆದರು, ಬುಲ್ಸ್ ಚಾಂಪಿಯನ್. ಸ್ಟಾರ್ ಮಾಡುವ ದೊಡ್ಡ ಕೆಲಸ ಇದು: ಎದುರಾಳಿಯ ಇಬ್ಬರನ್ನು ತನ್ನ ಕಡೆ ಎಳೆಯುವುದು. ಆಗ ಖಾಲಿ ನಿಂತವನು ಹೊಡೆಯಲಾರ ಅಂದರೆ ಅಷ್ಟೂ ಶ್ರಮ ನೀರಲ್ಲಿ ಹೋಮ. ಏಳು ಪಂದ್ಯಗಳ ಸರಣಿಯಲ್ಲಂತೂ ಯಾರನ್ನು ಬಿಟ್ಟರೆ ನಷ್ಟವಿಲ್ಲ ಅನ್ನುವುದನ್ನು ಎದುರಾಳಿ ಎರಡೇ ಪಂದ್ಯದಲ್ಲಿ ಕಂಡುಹಿಡಿದುಬಿಡುತ್ತಾನೆ.

ಇನ್ನು ಸುಸ್ತಿನ ವಿಷಯ. ಕೋಚ್ ಆದವನು ಇದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಸುಸ್ತಾದ ಹುಡುಗ "ಸುಸ್ತಾಗಿದೆ ಸರ್" ಅಂತ ಯಾವತ್ತೂ ಹೇಳುವುದಿಲ್ಲ. ಅವನ ಚೆಂಡು ಹೇಳುತ್ತದೆ. ಶಾಟ್‌ಗೆ ಬಲ ಬರುವುದು ಕಾಲಿನಿಂದ. ಕಾಲು ಸೋತಾಗ ಜಿಗಿತ ಎರಡಿಂಚು ಕಮ್ಮಿಯಾಗುತ್ತದೆ, ಚೆಂಡು ರಿಂಗಿನ ಮುಂದಿನ ಅಂಚಿಗೆ ಬಡಿದು ವಾಪಸ್ ಬರುತ್ತದೆ. ನೇರವಾಗಿಯೇ ಹೋಗಿರುತ್ತದೆ, ಆದರೆ ಗಿಡ್ಡ. ಒಂದೇ ಸಮ ಎರಡು ಸಲ ಹಾಗಾದರೆ ನಾನು ಬದಲಿ ಆಟಗಾರನನ್ನು ಎಬ್ಬಿಸುತ್ತೇನೆ. ಡಿಫೆನ್ಸ್‌ನಲ್ಲೂ ಗೊತ್ತಾಗುತ್ತದೆ. ಮಂಡಿ ಬಗ್ಗುವುದಿಲ್ಲ, ಫ್ರೀ ಥ್ರೋ ಹೊತ್ತಿಗೆ ಕೈ ಚಡ್ಡಿ ಹಿಡಿದುಕೊಳ್ಳುತ್ತದೆ. ಕಾಲು ತಲುಪದ ಕಡೆ ಕೈ ಹೋಗುತ್ತದೆ, ಫೌಲ್ ಬೀಳುತ್ತದೆ. ಎನ್‌ಬಿಎದಲ್ಲಿ ಆರು ಫೌಲ್‌ಗೆ ಹೊರಗೆ, ನಾವು ಆಡುವ ನಿಯಮದಲ್ಲಿ ಐದಕ್ಕೇ.

2014ರ ಸ್ಪರ್ಸ್ ಇದನ್ನು ಎಲ್ಲರಿಗಿಂತ ಚೆನ್ನಾಗಿ ತಿಳಿದಿತ್ತು. ಲೀಗ್‌ನ 82 ಪಂದ್ಯಗಳಲ್ಲಿ ಅವರ ಯಾವ ಆಟಗಾರನೂ ಸರಾಸರಿ 30 ನಿಮಿಷ ಆಡಲಿಲ್ಲ. ಪಂದ್ಯ ಇರುವುದು 48 ನಿಮಿಷ, ನೆನಪಿರಲಿ. ಫೈನಲ್‌ನ ಮೊದಲ ದಿನ ಅಂಕಣದ ಎ.ಸಿ. ಕೆಟ್ಟಿತು. ಆಗ ಎದುರಾಳಿ ಮಯಾಮಿ ತಂಡದಲ್ಲಿದ್ದ ಲೆಬ್ರಾನ್ ಸೆಖೆಗೆ ಕಾಲು ಸೆಟೆದು ಕೊನೆಯ ನಿಮಿಷಗಳನ್ನು ಬೆಂಚಿನಲ್ಲಿ ಕಳೆದರು. ಸ್ಪರ್ಸ್ 110-95ರಿಂದ ಗೆದ್ದಿತು, ಸರಣಿಯನ್ನು 4-1ರಿಂದ.

ನಮ್ಮ ಮಲೆನಾಡಿನಲ್ಲಿ ಎ.ಸಿ. ಮಾತು ಬಿಡಿ, ಎಷ್ಟೋ ಕಡೆ ಕೋರ್ಟಿಗೆ ಸೂರೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಮೆಂಟ್ ನೆಲ ಪಾಚಿಗಟ್ಟಿ ಜಾರುತ್ತದೆ, ಯಾರದ್ದಾದರೂ ಹಿಮ್ಮಡಿ ಗಂಟು ಉಳುಕುತ್ತದೆ. ದೀಪಾವಳಿ ಕಳೆಯುವಷ್ಟರಲ್ಲಿ ಅಡಿಕೆ ಕೊಯ್ಲು. ತೀರ್ಥಹಳ್ಳಿ, ಹೊಸನಗರ ಕಡೆಯ ಹುಡುಗರು ಮನೆಗೆ ಹೋದರೆ ಬೇಗ ವಾಪಸ್ ಬರುವುದಿಲ್ಲ, ಬರಲೂಬಾರದು, ಮನೆ ಕೆಲಸ ಅಲ್ವಾ? ಅದು ಮುಗಿಯಿತು ಅನ್ನುವಾಗ ಪರೀಕ್ಷೆ. ಇಂಥ ಊರಲ್ಲಿ ಒಬ್ಬ ಹುಡುಗನನ್ನೇ ನಂಬಿ ತಂಡ ಕಟ್ಟುವುದು ಅವನಿಗೂ ಅನ್ಯಾಯ.

ಹಾಗಂತ ಹನ್ನೆರಡೂ ಜನರಿಗೆ ಸಮಸಮ ಆಟ ಕೊಡುತ್ತೇನೆ ಅಂತಲ್ಲ. ದೊಡ್ಡ ಪಂದ್ಯಗಳಲ್ಲಿ ಎನ್‌ಬಿಎ ಕೋಚ್‌ಗಳೂ ಎಂಟು ಒಂಬತ್ತು ಜನರಿಗೆ ಇಳಿಯುತ್ತಾರೆ. ನನ್ನ ಗಮನ ಇರುವುದು ಆ ಎಂಟನೆಯವನ ಮೇಲೆ. ಅವನಿಗೆ ಒಂದೇ ಕೆಲಸ ಕೊಡುತ್ತೇನೆ: ಮೂಲೆಯಿಂದ ಶಾಟ್, ಇಲ್ಲವೇ ಎದುರಾಳಿಯ ಗಾರ್ಡ್‌ನ ಬೆನ್ನು ಬಿಡದಿರುವುದು. ಪ್ರಾಕ್ಟೀಸ್‌ನ ಕೊನೆಯ ಹತ್ತು ನಿಮಿಷ ಸ್ಟಾರ್ ಹುಡುಗ ಬೆಂಚಿನಲ್ಲಿ. ಉಳಿದವರಿಗೆ ನಾಲ್ಕು ಪಾಯಿಂಟ್ ಹಿನ್ನಡೆ ಹಾಕಿ ಆಟ ಶುರು ಮಾಡಿಸುತ್ತೇನೆ. ಅದು ಅವರೇ ಗೆಲ್ಲಬೇಕಾದ ಆಟ. ಮೊದಲ ಕೆಲವು ವಾರ ಎಲ್ಲರೂ ಅಭ್ಯಾಸಬಲದಿಂದ ಬೆಂಚಿನ ಕಡೆ ನೋಡುತ್ತಾರೆ. ಆಮೇಲೆ ಯಾರೋ ಒಬ್ಬ "ನಂಗೆ ಕೊಡೋ" ಅಂತ ಚೆಂಡು ಕೇಳುತ್ತಾನೆ. ಅವನ ಹೆಸರನ್ನು ನಾನು ಬರೆದಿಟ್ಟುಕೊಳ್ಳುತ್ತೇನೆ.