‘ಷೇರುಪೇಟೆಗೆ ತಿಳಿಸಿದೆ’ ಅಂದರೆ ಏನು?

ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಈ ಮಾತು ಹೆಚ್ಚುಕಡಿಮೆ ದಿನವೂ ಕಾಣುತ್ತದೆ. ‘ಹೊಸ ಘಟಕ ಸ್ಥಾಪಿಸಲು ನಿರ್ಧರಿಸಿರುವುದಾಗಿ ಕಂಪನಿಯು ಷೇರುಪೇಟೆಗೆ ತಿಳಿಸಿದೆ.’ ‘ಮುಖ್ಯ ಹಣಕಾಸು ಅಧಿಕಾರಿ ರಾಜೀನಾಮೆ ನೀಡಿದ್ದಾರೆ ಎಂದು ಕಂಪನಿಯು ಷೇರುಪೇಟೆಗೆ ಮಾಹಿತಿ ನೀಡಿದೆ.’ ಓದುತ್ತೇವೆ, ಮುಂದಿನ ಸುದ್ದಿಗೆ ಹೋಗುತ್ತೇವೆ. ಆದರೆ ಷೇರು ಇರುವುದು ನಮ್ಮ ಹತ್ತಿರ. ಕಂಪನಿ ತಿಳಿಸುವುದು ಮಾತ್ರ ಷೇರುಪೇಟೆಗೆ. ಯಾಕೆ ಹೀಗೆ? ಮೈಸೂರಿನ ಮನೆಯಲ್ಲಿ ಕೂತಿರುವ ಸಣ್ಣ ಷೇರುದಾರರಿಗೆ ಆ ಸುದ್ದಿ ಯಾವಾಗ, ಯಾವ ದಾರಿಯಲ್ಲಿ ಸಿಗಬೇಕು?

ದೊಡ್ಡ ಕಂಪನಿಗೆ ಲಕ್ಷಗಟ್ಟಲೆ ಷೇರುದಾರರು ಇರುತ್ತಾರೆ. ಅವರ ಸಂಖ್ಯೆಯೂ ದಿನದಿನ ಬದಲಾಗುತ್ತದೆ. ಬೆಳಿಗ್ಗೆ ಕೊಂಡವರು ಸಂಜೆಗೆ ಮಾರಿರುತ್ತಾರೆ. ಒಬ್ಬೊಬ್ಬರಿಗೇ ಹೇಳುತ್ತಾ ಹೋದರೆ ಮೊದಲು ಕೇಳಿಸಿಕೊಂಡವರು ಕೊನೆಯವರ ತಲೆ ಮೇಲೆ ಮಾರಿ ಹೊರಟುಬಿಡಬಹುದು. ಅದಕ್ಕೇ ಊರ ನಡುವೆ ಡಂಗುರ ಸಾರಿದ ಹಾಗೆ ಒಂದು ಗೊತ್ತಾದ ಜಾಗದಲ್ಲಿ ಎಲ್ಲರಿಗೂ ಒಟ್ಟಿಗೆ ಹೇಳಬೇಕು ಎಂಬುದು ಕಾನೂನು. ನಮ್ಮಲ್ಲಿ ಆ ಜಾಗ ಮುಂಬೈನ ಎರಡು ದೊಡ್ಡ ಷೇರುಪೇಟೆಗಳಾದ ಬಿಎಸ್‌ಇ ಮತ್ತು ಎನ್‌ಎಸ್‌ಇಗಳ ಜಾಲತಾಣ. ಅಲ್ಲಿ ಹಾಕಿದ ಕ್ಷಣದಿಂದ ಸುದ್ದಿ ಎಲ್ಲರದ್ದು. ಇದಕ್ಕೇ ಡಿಸ್‌ಕ್ಲೋಷರ್ ಅನ್ನುವುದು. ಕನ್ನಡ ಪತ್ರಿಕೆಗಳು ‘ಷೇರುಪೇಟೆಗೆ ತಿಳಿಸಿದೆ’ ಎಂದು ಬರೆಯುವುದು ಇದನ್ನೇ.

ಆ ತಿಳಿಸುವ ಕಾಗದ ಹೇಗಿರುತ್ತದೆ ಅಂತ ಒಮ್ಮೆ ನೋಡುವುದು ಒಳ್ಳೆಯದು. ಬಿಎಸ್‌ಇ ಜಾಲತಾಣದಲ್ಲಿ ಯಾವುದಾದರೂ ಕಂಪನಿಯ ಹೆಸರು ಹಾಕಿ, ‘ಕಾರ್ಪೊರೇಟ್ ಅನೌನ್ಸ್‌ಮೆಂಟ್ಸ್’ ಎಂಬ ಕಡೆ ಒತ್ತಿ. ಸಾಮಾನ್ಯವಾಗಿ ಒಂದೆರಡು ಪುಟದ ಪಿಡಿಎಫ್ ತೆರೆದುಕೊಳ್ಳುತ್ತದೆ. ಮೇಲೆ ಕಂಪನಿಯ ಲೆಟರ್‌ಹೆಡ್, ದಿನಾಂಕ. ಎಡಕ್ಕೆ ದಲಾಲ್ ಸ್ಟ್ರೀಟಿನ ಬಿಎಸ್‌ಇ ವಿಳಾಸ, ಅದರ ಪಕ್ಕಕ್ಕೋ ಕೆಳಕ್ಕೋ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಎನ್‌ಎಸ್‌ಇ ವಿಳಾಸ, ಜೊತೆಗೆ ಪೇಟೆಯಲ್ಲಿ ಕಂಪನಿಯನ್ನು ಗುರುತಿಸುವ ಸ್ಕ್ರಿಪ್ ಕೋಡ್. ವಿಷಯದ ಸಾಲಿನಲ್ಲಿ ‘ರೆಗ್ಯುಲೇಷನ್ 30ರ ಪ್ರಕಾರ ಮಾಹಿತಿ’ ಎಂಬ ಮಾತು. ಆಮೇಲೆ ನಾಲ್ಕಾರು ಸಾಲಿನ ಸುದ್ದಿ. ಕೆಳಗೆ ಕಂಪನಿ ಸೆಕ್ರೆಟರಿಯ ಸಹಿ. ಬಂಡವಾಳ ಪೇಟೆ ನಿಯಂತ್ರಕ ಸೆಬಿ 2015ರಲ್ಲಿ ತಂದ, ಎಲ್‌ಒಡಿಆರ್ ಎಂದು ಕರೆಯುವ ನಿಯಮಾವಳಿಯ 30ನೇ ನಿಯಮವೇ ಈ ಕಾಗದಕ್ಕೆಲ್ಲ ತಾಯಿಬೇರು. ಇಂಗ್ಲಿಷ್ ಸ್ವಲ್ಪ ಬಿಗಿಯಾಗಿರುತ್ತದೆ, ನಿಜ. ಆದರೆ ನಾಲ್ಕು ಕಾಗದ ಓದಿದರೆ ಐದನೆಯದು ಸಲೀಸು, ಅಚ್ಚು ಒಂದೇ.

ಯಾವುದನ್ನೆಲ್ಲ ತಿಳಿಸಬೇಕು? ಕೆಲವನ್ನು ಸಣ್ಣದಿರಲಿ ದೊಡ್ಡದಿರಲಿ, ತಿಳಿಸಲೇಬೇಕು. ಲಾಭಾಂಶ, ಹಣಕಾಸು ಫಲಿತಾಂಶ, ವಿಲೀನ, ನಿರ್ದೇಶಕರ ಬದಲಾವಣೆ, ಸಾಲ ತೀರಿಸುವ ಶಕ್ತಿಯನ್ನು ಅಳೆಯುವ ಕ್ರೆಡಿಟ್ ರೇಟಿಂಗ್‌ನಲ್ಲಿ ಏರಿಳಿತ, ಆಡಿಟರ್ ರಾಜೀನಾಮೆ ಇಂಥವು. ಇವುಗಳಲ್ಲಿ ಲಾಭಾಂಶದ ಸುದ್ದಿಯನ್ನು ಎಲ್ಲರೂ ಹುಡುಕಿಕೊಂಡು ಓದುತ್ತಾರೆ. ಆಡಿಟರ್ ರಾಜೀನಾಮೆಯನ್ನು ಬಹಳ ಜನ ಗಮನಿಸುವುದೇ ಇಲ್ಲ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚಿನದು. ಲೆಕ್ಕ ನೋಡುವವರು ಅವಧಿಗೆ ಮೊದಲೇ ಬಿಟ್ಟುಹೋದರೆ, ಅವರು ಕೊಟ್ಟ ಕಾರಣವನ್ನೂ ಕಂಪನಿ ಪೇಟೆಯ ಮುಂದಿಡಬೇಕು. ಆ ಪತ್ರವನ್ನು ಅಕ್ಷರ ಬಿಡದೆ ಓದಿ.

ಇನ್ನು ಕೆಲವು ಸಂಗತಿಗಳು ಗಾತ್ರದ ಮೇಲೆ ನಿಂತಿವೆ. ಇದನ್ನು ‘ಮಹತ್ವದ ಮಾಹಿತಿ’ ಎಂದು ಕರೆಯುತ್ತಾರೆ. ಮಹತ್ವದ್ದು ಹೌದೋ ಅಲ್ಲವೋ ಎಂಬುದನ್ನು ಮೊದಲು ಬಹುಮಟ್ಟಿಗೆ ಕಂಪನಿಯವರೇ ಅಳೆದುಕೊಳ್ಳುತ್ತಿದ್ದರು. 2023ರ ಜುಲೈ 15ರಿಂದ ಅದಕ್ಕೊಂದು ಲೆಕ್ಕ ಬಂದಿದೆ. ಸುಮ್ನೆ ಒಂದು ಕಾಲ್ಪನಿಕ ಕಂಪನಿ ಇಟ್ಟುಕೊಳ್ಳೋಣ. ನಂಜನಗೂಡಿನಲ್ಲಿ ಕಾರ್ಖಾನೆ, ವರ್ಷದ ವಹಿವಾಟು 500 ಕೋಟಿ ರೂಪಾಯಿ, ನಿವ್ವಳ ಮೌಲ್ಯ (ಆಸ್ತಿಯಲ್ಲಿ ಸಾಲ, ಬಾಕಿ ಕಳೆದು ಉಳಿಯುವುದು) 300 ಕೋಟಿ, ಕಳೆದ ಮೂರು ವರ್ಷದ ಸರಾಸರಿ ಲಾಭ 40 ಕೋಟಿ. ಈಗ ವಹಿವಾಟಿನ ಶೇ 2 ಅಂದರೆ 10 ಕೋಟಿ. ನಿವ್ವಳ ಮೌಲ್ಯದ ಶೇ 2 ಅಂದರೆ 6 ಕೋಟಿ. ಸರಾಸರಿ ಲಾಭದ ಶೇ 5 ಅಂದರೆ 2 ಕೋಟಿ. ಮೂರರಲ್ಲಿ ಕಡಿಮೆಯದು ಯಾವುದೋ ಅದೇ ಗೆರೆ. ಕಾರ್ಖಾನೆಗೆ ಬೆಂಕಿ ಬಿದ್ದು 2 ಕೋಟಿಗಿಂತ ಜಾಸ್ತಿ ಪೆಟ್ಟಾಗುವಂತಿದ್ದರೆ, ‘ನಮ್ಮ 500 ಕೋಟಿ ವ್ಯವಹಾರದಲ್ಲಿ ಇದೇನು ಮಹಾ’ ಎಂದು ಕಂಪನಿ ಸುಮ್ಮನಿರುವ ಹಾಗಿಲ್ಲ.

ಲೆಕ್ಕದ ಜೊತೆಗೆ ಗಡಿಯಾರವೂ ಬಿಗಿಯಾಯಿತು. ನಿರ್ದೇಶಕರ ಮಂಡಳಿಯ ಸಭೆಯಲ್ಲಿ ನಿರ್ಧಾರವಾದರೆ ಸಭೆ ಮುಗಿದ 30 ನಿಮಿಷದೊಳಗೆ ತಿಳಿಸಬೇಕು. ಸಂಗತಿ ಕಂಪನಿಯ ಒಳಗೇ ಹುಟ್ಟಿದ್ದಾದರೆ 12 ಗಂಟೆ. ಹೊರಗಿನಿಂದ ಬಂದದ್ದಾದರೆ 24 ಗಂಟೆ. 2024ರ ಡಿಸೆಂಬರ್‌ನಲ್ಲಿ ಇದನ್ನು ಸ್ವಲ್ಪ ಸಡಿಲಿಸಿದರು. ಪೇಟೆ ಮಧ್ಯಾಹ್ನ 3.30ಕ್ಕೆ ಮುಗಿಯುತ್ತದೆ. ಆಮೇಲೆ, ಅಂದರೆ ಸಂಜೆ 5ಕ್ಕೆ ಮಂಡಳಿ ಸಭೆ ಮುಗಿದರೆ, ಅರ್ಧ ಗಂಟೆಯ ಬದಲು ಮೂರು ಗಂಟೆ ಸಮಯವಿದೆ. ರಾತ್ರಿ 8ರೊಳಗೆ ಹಾಕಿದರೆ ಸಾಕು. ಇದು ಒಳ್ಳೆಯ ಸಡಿಲಿಕೆ. ವಹಿವಾಟು ನಿಂತಿರುವಾಗ ಎರಡೂವರೆ ಗಂಟೆ ತಡವಾದರೆ ಯಾರಿಗೂ ನಷ್ಟವಿಲ್ಲ. ಅವಸರದಲ್ಲಿ ತಪ್ಪು ಅಂಕಿ ಹಾಕಿ ಮಾರನೇ ದಿನ ತಿದ್ದುವುದಕ್ಕಿಂತ ಮೇಲು.

ಸಮಯ ಇಷ್ಟು ಮುಖ್ಯ ಯಾಕೆ ಅಂದರೆ, ಹೇಳುವ ಮೊದಲು ಆ ಸುದ್ದಿ ಕಂಪನಿಯ ಒಳಗಿರುವ ಕೆಲವರಿಗೆ ಗೊತ್ತಿರುತ್ತದೆ. ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲೋ ಇಲ್ಲಿನ ಐಟಿ ಕಂಪನಿಗಳಲ್ಲೋ ಕೆಲಸ ಮಾಡುವ ಮಕ್ಕಳಿರುವ ಮನೆಗಳಿಗೆ ‘ಟ್ರೇಡಿಂಗ್ ವಿಂಡೋ ಕ್ಲೋಸ್ ಆಗಿದೆ’ ಎಂಬ ಮಾತು ಹೊಸದಲ್ಲ. ತ್ರೈಮಾಸಿಕ ಮುಗಿದಾಗಿನಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವ ತನಕ, ಒಳಸುದ್ದಿ ತಿಳಿಯಬಹುದಾದ ಸಿಬ್ಬಂದಿ ಎಂದು ಕಂಪನಿ ಗುರುತಿಸಿದವರು ಮತ್ತು ಅವರ ಹತ್ತಿರದ ಕುಟುಂಬದವರು ಆ ಕಂಪನಿಯ ಷೇರು ಕೊಳ್ಳುವ, ಮಾರುವ ಹಾಗಿಲ್ಲ. ಷೇರುಪೇಟೆಗೆ ತಿಳಿಸುವ ನಿಯಮ, ಒಳಸುದ್ದಿ ಇಟ್ಟುಕೊಂಡು ವ್ಯಾಪಾರ ಮಾಡಬಾರದೆಂಬ ನಿಯಮ ಎರಡೂ ಜೋಡಿ. ಒಂದು ಸಡಿಲವಾದರೆ ಇನ್ನೊಂದಕ್ಕೆ ಬಲವಿಲ್ಲ.

ಗಾಳಿಸುದ್ದಿಯ ವಿಷಯದಲ್ಲಿ ನಿಯಮ ಈಚೆಗೆ ತುಂಬಾ ಬದಲಾಗಿದೆ. ಇದರ ಕಷ್ಟ ತಿಳಿಯಬೇಕಾದರೆ 2019ರ ಅಕ್ಟೋಬರ್ ನೆನಪಿಸಿಕೊಳ್ಳಬೇಕು. ಇನ್ಫೊಸಿಸ್‌ನ ಆಡಳಿತದ ಮೇಲೆ ಹೆಸರು ಹೇಳದವರು ಬರೆದ ದೂರು ಪತ್ರಿಕೆಗಳಲ್ಲಿ ಬಂತು. ಅಕ್ಟೋಬರ್ 22ರಂದು ಒಂದೇ ದಿನ ಷೇರು ಸುಮಾರು ಶೇ 16ರಷ್ಟು ಬಿತ್ತು. ದೂರು ಬಂದದ್ದನ್ನು ಮೊದಲೇ ಯಾಕೆ ತಿಳಿಸಲಿಲ್ಲ ಎಂದು ಬಿಎಸ್‌ಇ ಕೇಳಿತು. ದೂರಿಗೆ ಮೇಲ್ನೋಟದ ಸಾಕ್ಷ್ಯ ಇನ್ನೂ ಸಿಕ್ಕಿಲ್ಲ ಎಂದು ಕಂಪನಿ ಉತ್ತರಿಸಿತು. ತನಿಖೆ ಮುಗಿದು 2020ರ ಜನವರಿಯಲ್ಲಿ, ತಪ್ಪು ನಡೆದಿರುವುದಕ್ಕೆ ಸಾಕ್ಷ್ಯವಿಲ್ಲ ಎಂದು ಆಡಿಟ್ ಸಮಿತಿ ಹೇಳಿತು. ಎರಡೂ ಕಡೆ ವಾದವಿದೆ ನೋಡಿ. ಬಂದ ದೂರನ್ನೆಲ್ಲ ಕೂಡಲೇ ಸಾರಿದರೆ ಸುಳ್ಳು ದೂರಿಗೂ ಷೇರು ಕುಸಿಯುತ್ತದೆ. ಹೇಳದೆ ಇದ್ದರೆ, ಗೊತ್ತಿದ್ದವರು ಮುಂದೆ, ಗೊತ್ತಿಲ್ಲದವರು ಹಿಂದೆ.

ಈಗಿನ ನಿಯಮ ಈ ಗೊಂದಲಕ್ಕೆ ಒಂದು ದಾರಿ ಹುಡುಕಿದೆ. ಮಾಧ್ಯಮದಲ್ಲಿ ಬಂದ ಸುದ್ದಿಯಿಂದ ಷೇರಿನ ಬೆಲೆ ಗಣನೀಯವಾಗಿ ಏರಿಳಿತವಾದರೆ 24 ಗಂಟೆಯೊಳಗೆ ಕಂಪನಿ ಬಾಯಿಬಿಡಬೇಕು. ಹೌದು ಅನ್ನಬೇಕು, ಅಲ್ಲ ಅನ್ನಬೇಕು, ಇಲ್ಲವೇ ವಿವರಣೆ ಕೊಡಬೇಕು. ಮಾರುಕಟ್ಟೆ ಮೌಲ್ಯದ ಲೆಕ್ಕದಲ್ಲಿ ಮೊದಲ 100 ಕಂಪನಿಗಳಿಗೆ 2024ರ ಜೂನ್ 1ರಿಂದ, ಮೊದಲ 250ಕ್ಕೆ ಅದೇ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಅದಕ್ಕಿಂತ ಕೆಳಗಿನ ಕಂಪನಿಗಳಿಗೆ ಈ ಕಡ್ಡಾಯ ಇಲ್ಲ. ಗಾಳಿಸುದ್ದಿಗೆ ಬೇಗ ಅಲುಗಾಡುವುದು ಸಣ್ಣ ಕಂಪನಿಗಳ ಷೇರೇ ಅಲ್ವಾ? ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಇದು ಎರಡು ಪಟ್ಟು ಆಗುತ್ತೆ’ ಎಂದು ಹರಿದಾಡುವುದೂ ಅವುಗಳ ಹೆಸರೇ. ಈ ನಿಯಮ ಅಲ್ಲಿಯವರೆಗೆ ಇಳಿಯಬೇಕು ಎಂದೇ ನಾನು ಹೇಳುತ್ತೇನೆ.

ದೊಡ್ಡ ಹೂಡಿಕೆದಾರರ ಜೊತೆ ಕಂಪನಿಯವರು ಫೋನಿನಲ್ಲಿ ಮಾತಾಡುವ ಪದ್ಧತಿ ಹಿಂದಿನಿಂದಲೂ ಇದೆ. ಫಲಿತಾಂಶ ಬಂದ ಮೇಲೆ ವಿಶ್ಲೇಷಕರು ಪ್ರಶ್ನೆ ಕೇಳುತ್ತಾರೆ, ಆಡಳಿತದವರು ಉತ್ತರಿಸುತ್ತಾರೆ. ಕೆಲವರಿಗೆ ಹೇಳಿದ್ದು ಎಲ್ಲರಿಗೂ ಸಿಗಬೇಕು ಎಂದು ಅಮೆರಿಕ 2000ದಲ್ಲೇ ನಿಯಮ ಮಾಡಿತು. ನಮ್ಮಲ್ಲಿ ಈಗ ಆ ಮಾತುಕತೆಯ ಧ್ವನಿಮುದ್ರಣವನ್ನು ಮುಂದಿನ ವಹಿವಾಟು ದಿನಕ್ಕೆ ಮೊದಲು ಅಥವಾ 24 ಗಂಟೆಯೊಳಗೆ, ಯಾವುದು ಮೊದಲೋ ಆಗ, ಹಾಕಬೇಕು. ಮಾತುಕತೆಯ ಪೂರ್ತಿ ಬರಹವನ್ನು ಐದು ಕೆಲಸದ ದಿನಗಳೊಳಗೆ ಕೊಡಬೇಕು. ಬ್ಯಾಲೆನ್ಸ್ ಶೀಟ್ ಓದಲು ಬಾರದವರೂ ಈ ಬರಹವನ್ನು ಓದಬಹುದು. ಪ್ರಶ್ನೆಗಳು ನೇರವಾಗಿರುತ್ತವೆ: ಸಾಲ ಯಾಕೆ ಏರಿದೆ, ಗ್ರಾಹಕರಿಂದ ಬರಬೇಕಾದ ಹಣ ಯಾಕೆ ನಿಂತಿದೆ, ಹೊಸ ಘಟಕ ಯಾವಾಗ ಶುರು. ಹೋದ ತ್ರೈಮಾಸಿಕದಲ್ಲಿ ಕೊಟ್ಟ ಉತ್ತರವನ್ನೂ ಈ ಸಲದ ಉತ್ತರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಂಪನಿ ಎಷ್ಟು ನೆಟ್ಟಗಿದೆ ಅನ್ನುವುದು ಅಲ್ಲೇ ಬಹುಪಾಲು ತಿಳಿಯುತ್ತದೆ. ಸಣ್ಣ ಷೇರುದಾರರಿಗೆ ಈಚಿನ ವರ್ಷಗಳಲ್ಲಿ ಸಿಕ್ಕ ದೊಡ್ಡ ಉಪಕಾರ ಇದು.

ಇಷ್ಟೆಲ್ಲ ಪಟ್ಟಿಯಾದ ಕಂಪನಿಗಳ, ಅಂದರೆ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳ ಮಾತು. ಮೈಸೂರಿನಲ್ಲೇ ನೋಂದಾಯಿತ ಕಚೇರಿ ಇರುವ ಕೇನ್ಸ್ ಟೆಕ್ನಾಲಜಿ 2022ರ ನವೆಂಬರ್‌ನಲ್ಲಿ ಪಟ್ಟಿಯಾಯಿತು. ಅಲ್ಲಿಂದಾಚೆ ಈ ನಿಯಮಗಳೆಲ್ಲ ಅದಕ್ಕೆ ಅನ್ವಯಿಸುತ್ತವೆ. ಮಂಡ್ಯದವರಿಗೆ ಷೇರು ಎಂಬುದು ಇನ್ನೂ ಹಳೆಯ ಸಂಗತಿ. 1933ರಲ್ಲಿ ಶುರುವಾದ ಸಕ್ಕರೆ ಕಂಪನಿ ಮೈಷುಗರ್‌ನಲ್ಲಿ ಕಬ್ಬು ಬೆಳೆಗಾರರೂ ಷೇರುದಾರರು. ಆದರೆ ‘ಷೇರಿದೆ’ ಅಂದ ಮಾತ್ರಕ್ಕೆ 30 ನಿಮಿಷದ ನಿಯಮ ಬರುವುದಿಲ್ಲ. ಪಟ್ಟಿಯಾಗದ ಕಂಪನಿಗೆ ಕಂಪನಿ ಕಾಯ್ದೆಯಷ್ಟೇ. ವಾರ್ಷಿಕ ಸಭೆ, ಅದಕ್ಕೆ 21 ದಿನ ಮುಂಚಿನ ನೋಟಿಸ್, ಲೆಕ್ಕಪತ್ರದ ಪ್ರತಿ, ಇವು ಅಲ್ಲಿಯ ಷೇರುದಾರರ ಹಕ್ಕು.

ಇನ್ನು ಕನ್ನಡದಲ್ಲಿ ಏನು ಸಿಗುತ್ತದೆ? ಪಟ್ಟಿಯಾದ ಕಂಪನಿ ತ್ರೈಮಾಸಿಕ ಮುಗಿದ 45 ದಿನದೊಳಗೆ, ವರ್ಷದ ಲೆಕ್ಕವಾದರೆ 60 ದಿನದೊಳಗೆ ಫಲಿತಾಂಶ ಕೊಡಬೇಕು. ಅದರ ಜಾಹೀರಾತನ್ನು ಒಂದು ಇಂಗ್ಲಿಷ್ ಪತ್ರಿಕೆಯಲ್ಲೂ, ನೋಂದಾಯಿತ ಕಚೇರಿ ಇರುವ ಕಡೆಯ ಭಾಷೆಯ ಒಂದು ಪತ್ರಿಕೆಯಲ್ಲೂ ಹಾಕಬೇಕು. ಆಗಸ್ಟ್ 14, ನವೆಂಬರ್ 14, ಫೆಬ್ರುವರಿ 14ರ ಆಸುಪಾಸಿನಲ್ಲಿ ಕನ್ನಡ ಪತ್ರಿಕೆಗಳಲ್ಲಿ ಸಣ್ಣಕ್ಷರದ ಅಂಕಿ ತುಂಬಿದ ಪೆಟ್ಟಿಗೆಗಳು ಸಾಲಾಗಿ ಬರುವುದು ಇದಕ್ಕೇ. 2024ರ ಡಿಸೆಂಬರ್ ತಿದ್ದುಪಡಿಯ ನಂತರ ಈ ಜಾಹೀರಾತಿಗೆ ಕ್ಯೂಆರ್ ಕೋಡ್ ಬಂದಿದೆ. ಅದಕ್ಕೆ ಫೋನ್ ಹಿಡಿದರೆ ಪೂರ್ತಿ ಫಲಿತಾಂಶ ತೆರೆಯುತ್ತದೆ. ಫೋನ್ ಇರುವವರಿಗೆ ಇದು ಅನುಕೂಲ.

ಇಲ್ಲದವರ ಕಥೆ ಬೇರೆ. ವಾರ್ಷಿಕ ವರದಿಯ ದಪ್ಪ ಪುಸ್ತಕ ಅಂಚೆಯಲ್ಲಿ ಮನೆಗೆ ಬರುತ್ತಿದ್ದ ಕಾಲವಿತ್ತು. 2020ರಲ್ಲಿ ಕೋವಿಡ್ ಬಂದಾಗ ಇಮೇಲ್‌ನಲ್ಲಿ ಕಳಿಸಿದರೆ ಸಾಕು ಎಂದರು, ಅದೇ ಉಳಿಯಿತು. ಈಗಿನ ನಿಯಮದಂತೆ ಇಮೇಲ್ ಕೊಡದವರಿಗೆ ಒಂದು ಪತ್ರ ಬರುತ್ತದೆ. ಅದರಲ್ಲಿ ವರದಿ ಇರುವ ಜಾಲತಾಣದ ಪೂರ್ತಿ ವಿಳಾಸ ಇರುತ್ತದೆ. ಕುವೆಂಪುನಗರದಲ್ಲಿರುವ ನಮ್ಮ ಸೋದರತ್ತೆಗೆ ಅಂಥದೊಂದು ಪತ್ರ ಬಂದಿತ್ತು. ಮಾವನವರ ಕಾಲದಿಂದ ಬಂದ ಷೇರು. ಮೂರು ಸಾಲಿಗೆ ಹರಡಿದ್ದ ಇಂಗ್ಲಿಷ್ ಅಕ್ಷರಗಳನ್ನು ತೋರಿಸಿ, ‘ಇದನ್ನ ಎಲ್ಲಿ ಬರೀಬೇಕಪ್ಪಾ? ಒಂದಕ್ಷರ ತಪ್ಪಿದ್ರೂ ಬರಲ್ವಂತೆ’ ಎಂದರು. ಇಮೇಲ್ ಇಲ್ಲದವರಿಗೆ ಕಾಗದದ ಮೇಲೆ ಲಿಂಕ್ ಕಳಿಸುವುದು ನಿಯಮವನ್ನು ಪಾಲಿಸುತ್ತದೆ, ಸುದ್ದಿಯನ್ನು ಮುಟ್ಟಿಸುವುದಿಲ್ಲ. ಆ ಪತ್ರದಲ್ಲೇ ಅರ್ಧ ಪುಟ ಕನ್ನಡದಲ್ಲಿ ಬರೆಯಬಹುದಿತ್ತು: ಈ ವರ್ಷ ಲಾಭ ಇಷ್ಟು, ಸಾಲ ಇಷ್ಟು, ಲಾಭಾಂಶ ಇಷ್ಟು, ಸಭೆ ಈ ದಿನ. ಹೇಗಿದ್ದರೂ ಅಂಚೆಗೆ ಖರ್ಚು ಮಾಡಿದ್ದಾರೆ. ಜಾಹೀರಾತಿಗೆ ಬೇಕಾದ ಕನ್ನಡ ಪತ್ರಕ್ಕೆ ಯಾಕೆ ಬೇಡ?

ಅಂಥವರಿಗೆ ದಾರಿ ಇಲ್ಲದಿಲ್ಲ. ಅಚ್ಚಾದ ವರದಿ ಬೇಕು ಎಂದು ಕೇಳಿದರೆ ಕಂಪನಿ ಕಳಿಸಲೇಬೇಕು. ಕಂಪನಿ ಸೆಕ್ರೆಟರಿಗೋ, ಕಂಪನಿಯ ಪರವಾಗಿ ಷೇರುದಾರರ ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್‌ಗೋ, ಕಾಗದದ ಷೇರಾದರೆ ಫೋಲಿಯೊ ನಂಬರ್, ಇಲ್ಲವಾದರೆ ಡಿಮ್ಯಾಟ್ ಖಾತೆ ನಂಬರ್ ಹಾಕಿ ಒಂದು ಪತ್ರ ಬರೆದರೆ ಆಯಿತು. ಕಾಗದದ ಷೇರೇ ಇನ್ನೂ ಇದ್ದರೆ ಐಎಸ್‌ಆರ್-1 ಎಂಬ ಫಾರ್ಮ್ ತುಂಬಿ ಪ್ಯಾನ್, ವಿಳಾಸ, ಬ್ಯಾಂಕ್ ಖಾತೆ ಕೊಡಬೇಕು. ಇದನ್ನು ಮುಂದಕ್ಕೆ ಹಾಕಬೇಡಿ. 2024ರ ಏಪ್ರಿಲ್ 1ರಿಂದ ಕಾಗದದ ಷೇರುಗಳ ಲಾಭಾಂಶ ಬ್ಯಾಂಕ್ ಖಾತೆಗೆ ಮಾತ್ರ ಬರುತ್ತದೆ. ಏಳು ವರ್ಷ ಸತತವಾಗಿ ಲಾಭಾಂಶ ಪಡೆಯದೆ ಬಿಟ್ಟರೆ ಆ ಹಣವೂ ಷೇರೂ ಹೂಡಿಕೆದಾರರ ರಕ್ಷಣೆಗೆಂದು ಸರ್ಕಾರ ಇಟ್ಟಿರುವ ಐಇಪಿಎಫ್ ನಿಧಿಗೆ ಹೋಗುತ್ತವೆ. ವಾಪಸ್ ಪಡೆಯಬಹುದು, ಆದರೆ ಓಡಾಟ ಜಾಸ್ತಿ.

ಆನ್‌ಲೈನ್ ಬಂದದ್ದರಿಂದ ಸಭೆಯ ವಿಷಯದಲ್ಲಿ ಲಾಭವೇ ಆಗಿದೆ. ಮುಂಬೈಯಲ್ಲಿ ನಡೆಯುವ ವಾರ್ಷಿಕ ಸಭೆಗೆ ಮೈಸೂರಿನಿಂದ ಹೋಗಿ ಕೂರುವುದು ಸಣ್ಣ ಷೇರುದಾರರಿಗೆ ಆಗದ ಮಾತಾಗಿತ್ತು. ಈಗ ಅನೇಕ ಕಂಪನಿಗಳ ಸಭೆ ವಿಡಿಯೊದಲ್ಲಿ ನಡೆಯುತ್ತದೆ. ಮೊದಲೇ ಹೆಸರು ಕೊಟ್ಟರೆ ಅಧ್ಯಕ್ಷರನ್ನೇ ಪ್ರಶ್ನೆ ಕೇಳಬಹುದು. ಮತ ಹಾಕುವುದೂ ಫೋನಿನಲ್ಲೇ. ಇ-ವೋಟಿಂಗ್ ಕನಿಷ್ಠ ಮೂರು ದಿನ ತೆರೆದಿರುತ್ತದೆ, ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಚ್ಚುತ್ತದೆ. ಹತ್ತು ಷೇರಿದ್ದರೂ ಹತ್ತು ಮತ.

ಕೇಳಿದ ವರದಿ ಬರಲಿಲ್ಲ, ಲಾಭಾಂಶ ಜಮೆಯಾಗಲಿಲ್ಲ, ಪತ್ರಕ್ಕೆ ಉತ್ತರವಿಲ್ಲ ಅನ್ನುವ ಸ್ಥಿತಿ ಬಂದರೆ ಮೊದಲು ಕಂಪನಿಗೆ ಲಿಖಿತವಾಗಿ ದೂರು ಕೊಡಿ, ಪ್ರತಿ ಇಟ್ಟುಕೊಳ್ಳಿ. ಅದಕ್ಕೂ ಜಗ್ಗದಿದ್ದರೆ ಸೆಬಿಯ ಸ್ಕೋರ್ಸ್ ಜಾಲತಾಣದಲ್ಲಿ ದೂರು ದಾಖಲಿಸಬಹುದು. ಅಲ್ಲಿ ದೂರು ತಲುಪಿದ 21 ದಿನದೊಳಗೆ ಏನು ಕ್ರಮ ಕೈಗೊಂಡೆವು ಎಂದು ಕಂಪನಿ ಉತ್ತರ ಕೊಡಬೇಕು.