ಗೂಡಂಗಡಿ ಎತ್ತಿಸುವ ಮೊದಲು

ಅಂಕೋಲಾ ಕಡೆಯ ಹೆಂಗಸೊಬ್ಬರು ಕಾರವಾರದ ನನ್ನ ಆಫೀಸಿಗೆ ಬಂದಿದ್ದರು. ರಸ್ತೆ ಬದಿಯ ಅವರ ಗೂಡಂಗಡಿಯನ್ನು ಬೆಳಿಗ್ಗೆ ಜೆಸಿಬಿ ತಂದು ಎತ್ತಿಸಿದ್ದರು. "ವಕೀಲ್ರೇ, ಸಂವಿಧಾನದಲ್ಲಿ ನಮಗೆ ಹಕ್ಕಿಲ್ವಾ?" ಎಂದು ಕೇಳಿದರು. "ನೋಟಿಸ್ ಕೊಟ್ಟಿದ್ರಾ ಅಕ್ಕಾ?" ಎಂದೆ. ಅವರ ಮುಖ ಸಪ್ಪಗಾಯಿತು. ಅಷ್ಟು ದೊಡ್ಡದು ಕೇಳಿದರೆ ಇವನು ಚೀಟಿ ಕೇಳ್ತಾನಲ್ಲ, ಅಂತ.

ಕೋರ್ಟು ಮೊದಲು ಕೇಳುವುದೂ ಅದನ್ನೇ. ಕಾನೂನು ಹೇಳಿದ ಕ್ರಮ ಬಿಟ್ಟು ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯಬಾರದು ಎನ್ನುತ್ತದೆ 21ನೇ ವಿಧಿ. 1950ರಲ್ಲಿ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಇದ್ದ ಹಾಗೇ ಓದಿತು. ಕಾನೂನಿದೆ, ಅದರಲ್ಲೊಂದು ಕ್ರಮವಿದೆ, ಸಾಕು. 1978ರಲ್ಲಿ ಬಂದದ್ದು ಮೇನಕಾ ಗಾಂಧಿ ಪ್ರಕರಣ. ಸಾರ್ವಜನಿಕ ಹಿತ ಎಂದಷ್ಟೇ ಹೇಳಿ ಸರ್ಕಾರ ಅವರಿಗೆ ಪಾಸ್‌ಪೋರ್ಟ್ ಒಪ್ಪಿಸಲು ಹೇಳಿತ್ತು. ಕಾರಣ ಕೊಡಲಿಲ್ಲ. ಸುಮ್ನೆ ಒಂದು ಕ್ರಮ ಇದ್ದರೆ ಸಾಲದು, ಅದು ನ್ಯಾಯವಾಗಿಯೂ ಇರಬೇಕು ಎಂದಿತು ಕೋರ್ಟು.

ನಮ್ಮ ಅಕ್ಕನಿಗೆ ಹತ್ತಿರದ್ದು 1985ರ ಓಲ್ಗಾ ಟೆಲ್ಲಿಸ್ ತೀರ್ಪು. ಮುಂಬೈ ಫುಟ್‌ಪಾತಿನಲ್ಲಿ ಗುಡಿಸಲು ಹಾಕಿಕೊಂಡವರ ಕೇಸು. ಹೊಟ್ಟೆಪಾಡು ಕಿತ್ತುಕೊಂಡರೆ ಬದುಕನ್ನೇ ಕಿತ್ತುಕೊಂಡಂತೆ, ಆದ್ದರಿಂದ ಅದೂ 21ನೇ ವಿಧಿಯೊಳಗೆ ಬರುತ್ತದೆ ಎಂದರು ಐವರು ನ್ಯಾಯಮೂರ್ತಿಗಳು. ಭಾಷಣ ಮಾಡುವವರು ಜಾಸ್ತಿ ಇಲ್ಲಿಗೇ ನಿಲ್ಲಿಸುತ್ತಾರೆ. ಫುಟ್‌ಪಾತ್ ಇರುವುದು ನಡೆಯುವವರಿಗೆ, ತೆರವು ಮಾಡಬಹುದು ಎಂದೂ ಅದೇ ತೀರ್ಪಿನಲ್ಲಿದೆ ಅಲ್ವಾ! ಆದರೆ ಸಾಮಾನ್ಯವಾಗಿ ಮೊದಲು ನೋಟಿಸ್ ಕೊಡಬೇಕು, ಅವರ ಮಾತು ಕೇಳಬೇಕು. ಜೊತೆಗೆ, ಮಳೆಗಾಲ ಕಳೆದು ಅಕ್ಟೋಬರ್ 31ರವರೆಗೆ ಎಬ್ಬಿಸಬೇಡಿ ಎಂದರು. ಆಷಾಢದ ಮಳೆ ಕಂಡ ನಮ್ಮ ಕರಾವಳಿಯವರಿಗೆ ಆ ಸಾಲಿನ ಬೆಲೆ ಗೊತ್ತು.

ಈಗ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯೂ ಇದೆ. ವ್ಯಾಪಾರದ ಪ್ರಮಾಣಪತ್ರದಲ್ಲಿ ಬರೆದ ಜಾಗದಿಂದ ಎಬ್ಬಿಸಲು ಸ್ಥಳೀಯ ಸಂಸ್ಥೆ 30 ದಿನದ ನೋಟಿಸ್ ಕೊಡಬೇಕು. ಅಕ್ಕನ ಹತ್ತಿರ ಪ್ರಮಾಣಪತ್ರ ಇತ್ತು. ಒದ್ದೆಯಾಗದಂತೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಟ್ಟಿದ್ದರು. ನೋಟಿಸ್ ಬಂದಿರಲಿಲ್ಲ. ಹೈಕೋರ್ಟಿನ ಧಾರವಾಡ ಪೀಠಕ್ಕೆ ರಿಟ್ ಅರ್ಜಿ ಬರೆಯಲು ಕುಳಿತೆ.

"ಅಂಗಡಿ ಅಲ್ಲೇ ವಾಪಸ್ ಸಿಗ್ತದಾ?"

ಅದನ್ನು ಹೇಳಲಾರೆ ಎಂದೆ. ತೆಗೆಸಿದ ರೀತಿ ತಪ್ಪು ಎಂದು ಕೋರ್ಟು ಹೇಳಬಹುದು. ಆಮೇಲೆ ನೋಟಿಸ್ ಕೊಟ್ಟು, ಸರಿಯಾದ ರೀತಿಯಲ್ಲೇ ತೆಗೆಸಲೂಬಹುದು.

ಅಕ್ಕ ಕೊಟ್ಟೆ ಮಡಚಿಕೊಂಡರು. "ಹಂಗಾದ್ರೆ ಒಂದು ತಿಂಗಳಾದ್ರೂ ಸಿಗ್ತದಲ್ಲ, ಬರೀರಿ."