ಓದುಗರ ಪ್ರಶ್ನೆ: ಮನೆಯಲ್ಲೇ ಕೂತು ಬರೆಯುವವರಿಗೆ ಬರಹಗಾರರ ಕೂಟ ಯಾಕೆ ಬೇಕು?

"ಅಣ್ಣಾರ, ನಾ ಇಂಡಿ ಹತ್ರದ ಹಳ್ಳಿಯಾಕಿ. ನಾಕ್ ವರ್ಷದಿಂದ ಕತಿ ಬರ್ಯಾಕತ್ತೀನಿ, ಯಾರಿಗೂ ತೋರ್ಸಿಲ್ಲ. ವಿಜಯಪುರದಾಗ ಬರ್ಯೋರು ತಿಂಗಳಿಗೊಮ್ಮೆ ಕೂಡ್ತಾರಂತ. ಹೋಗಿ ಬರೂದ್ರಾಗ ಒಂದಿನ ಹೋಗ್ತೈತಿ. ಹೋದ್ರ ಏನರ ಉಪಯೋಗ ಐತೇನ್ರಿ? ಮತ್ತ ನನ್ನ ಕತಿ ಯಾರರ ಕದ್ರ?"

ಅಕ್ಕಾರ, ಹೋಗ್ರಿ. ಆದರೆ ಚಪ್ಪಾಳೆ ಸಿಗುತ್ತದೆ, ಪುಸ್ತಕ ಆಗುತ್ತದೆ ಅಂದುಕೊಂಡು ಹೋದರೆ ಎರಡೇ ತಿಂಗಳಲ್ಲಿ ಬೇಜಾರಾಗಿ ಬಿಟ್ಟುಬಿಡುತ್ತೀರಿ. ಅಲ್ಲಿ ಸಿಗುವ ದೊಡ್ಡ ಲಾಭ ಎಂದರೆ ಬೇರೆಯವರ ಕಿವಿ. ನಾವು ಬರೆದದ್ದನ್ನು ನಾವೇ ಓದುವಾಗ, ಕಾಗದದಲ್ಲಿ ಬಿಟ್ಟುಹೋದದ್ದನ್ನು ತಲೆ ತಾನಾಗಿ ತುಂಬಿಕೊಳ್ಳುತ್ತದೆ. ಕೇಳುವವರಿಗೆ ಆ ಅನುಕೂಲ ಇಲ್ಲ.

ನನ್ನದೇ ಫಜೀತಿ ಹೇಳುತ್ತೇನೆ. ಎಳ್ಳ ಅಮಾಸಿ ದಿನ ಸೊಸೆಯೊಬ್ಬಳು ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತಾಳೆ, ಅಲ್ಲಿ ಕಣದಲ್ಲಿ ಜೋಳದ ರಾಶಿ ನಡೆದಿರುತ್ತದೆ ಎಂದು ಒಂದು ಕತೆ ಬರೆದಿದ್ದೆ. ಆರು ತಿಂಗಳು ತಿದ್ದಿ ತೀಡಿದ್ದೆ. ಕೂಟದಲ್ಲಿ ಓದಿ ಮುಗಿಸಿದಾಗ ಮೂಲೆಯಲ್ಲಿ ಕೂತಿದ್ದ ಒಬ್ಬ ರೈತರು ಮೆಲ್ಲಗೆ ಕೇಳಿದರು: "ಸರ್ರ, ಎಳ್ಳಮಾಸಿಗಿ ರಾಶಿ ಯಾರ ಹೊಲದಾಗ ನಡದಿತ್ರಿ?" ಎಲ್ಲರೂ ಗೊಳ್ಳೆಂದರು. ನಮ್ಮ ಎರಿ ಹೊಲದ ಹಿಂಗಾರಿ ಬಿಳಿಜೋಳ ಆಗ ಇನ್ನೂ ನಿಂತಿರುತ್ತದೆ. ಚರಗ ಚೆಲ್ಲುವುದೇ, ಅಂದರೆ ಹೊಲಕ್ಕೆ ನೈವೇದ್ಯ ಎರಚುವುದೇ, ನಿಂತ ಬೆಳೆಗೆ. ಕೊಯ್ಲು, ರಾಶಿ ಎಲ್ಲ ಅದಾದ ಮೇಲಿನ ಮಾತು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬರೆಯುವ ಭರದಲ್ಲಿ ಮರೆತಿದ್ದೆ, ಅಷ್ಟೇ.

ಅದೇ ದಿನ ಇನ್ನೊಂದಾಯಿತು. ಅತ್ತೆ ಸಜ್ಜಿ ಕಡಬು ಎಣಿಸಿ ಎಣಿಸಿ ಬುತ್ತಿಗೆ ಇಡುವ ಎರಡು ಸಾಲು ಆ ಕತೆಯಲ್ಲಿದ್ದವು. ಹಗುರ ಅನಿಸಿ ತೆಗೆಯುವುದರಲ್ಲಿದ್ದೆ. ಮೂವರು ಹೆಣ್ಣುಮಕ್ಕಳು ಆ ಸಾಲನ್ನೇ ಹಿಡಿದು ಮಾತಾಡಿದರು. ಕತೆಯ ಜೀವ ಅಲ್ಲಿತ್ತು, ನಾನು ರಾಶಿಯ ವರ್ಣನೆಯಲ್ಲಿ ಹುಡುಕುತ್ತಿದ್ದೆ.

ನಿಮ್ಮ ಭಾಗಕ್ಕೆ ಇದು ಹೊಸದೇನಲ್ಲ. ಈಗ ಚಡಚಣ ತಾಲೂಕಿಗೆ ಸೇರಿರುವ ಹಳಸಂಗಿ ಮೊದಲು ನಿಮ್ಮ ಇಂಡಿ ತಾಲೂಕಿನ ಊರೇ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರನ್ನೆಲ್ಲ ಕನ್ನಡ ಇವತ್ತಿಗೂ ಒಬ್ಬೊಬ್ಬರ ಹೆಸರಿಗಿಂತ ಹೆಚ್ಚಾಗಿ 'ಹಳಸಂಗಿ ಗೆಳೆಯರು' ಎಂದೇ ನೆನೆಯುತ್ತದೆ. ಬೀಸುವಾಗ ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಹೊರತಂದರು. ಆ ಹಾಡು ಆಗ ಪ್ರತಿ ಮನೆಯ ಬೀಸುಕಲ್ಲಿನ ಮುಂದೆ ಇತ್ತು, ಎಲ್ಲರ ಕಿವಿಗೂ ಬೀಳುತ್ತಿತ್ತು. ಅದನ್ನು ಅಚ್ಚು ಹಾಕಿಸಬೇಕು ಎನ್ನುವ ಧೈರ್ಯ ಮಾತ್ರ ಒಬ್ಬನೇ ಕೂತಿದ್ದರೆ ಬರುತ್ತಿರಲಿಲ್ಲವೇನೋ. "ಹೌದಲ್ಲೋ, ಇದೂ ಕಾವ್ಯಾನ" ಎನ್ನಲು ಪಕ್ಕದಲ್ಲಿ ಇನ್ನೊಬ್ಬ ಬೇಕು. ಇದು ನನ್ನ ಊಹೆ. ಆದರೆ ಕೂಟದಲ್ಲಿ ಕೂತವರಿಗೆ ಈ ಊಹೆ ಅತಿ ಅನಿಸಲಿಕ್ಕಿಲ್ಲ.

ಇನ್ನು ತಾರೀಖಿನ ಉಪಯೋಗ. ಮುಂದಿನ ಭಾನುವಾರ ಓದಬೇಕು ಅಂದರೆ ಶನಿವಾರ ರಾತ್ರಿಯಾದರೂ ಕತೆ ಮುಗಿಯುತ್ತದೆ. ಮನೆಯಲ್ಲಿ ನಾಕು ವರ್ಷವಾದರೂ ಮುಗಿಯದ್ದು ಹಾಗೆ ಮುಗಿದದ್ದು ನೋಡಿದ್ದೇನೆ.

ಎಲ್ಲ ಕೂಟವೂ ಕೂಟವಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೆಲವು ಕಡೆ ಸ್ವಾಗತ, ಪ್ರಾರ್ಥನೆ, ಶಾಲು, ಹಾರ, ಅಧ್ಯಕ್ಷರ ನುಡಿ ಮುಗಿಯುವುದರೊಳಗೆ ಊಟದ ಹೊತ್ತು. ಕತೆಗೆ ಹತ್ತು ನಿಮಿಷ, ಅದರ ಮೇಲೆ "ಭಾಳ ಛಲೋ ಬರದೀರಿ" ಎಂಬ ಒಂದು ಮಾತು. ಅಂಥಲ್ಲಿ ಪರಿಚಯ ಬೆಳೆಯುತ್ತದೆ, ಬರಹ ಬೆಳೆಯುವುದಿಲ್ಲ. ಐದಾರು ಜನ ಸುತ್ತ ಕೂತು, ಒಬ್ಬರು ಗಟ್ಟಿಯಾಗಿ ಓದಿ, ಆಮೇಲೆ ಓದಿದವರು ಬಾಯಿ ಮುಚ್ಚಿಕೊಂಡು ಕೇಳುವ ಪದ್ಧತಿ ಇದ್ದರೆ ಅಲ್ಲಿ ಉಳಿಯಿರಿ. ಬಾಯಿ ಮುಚ್ಚಿಕೊಳ್ಳುವುದೇ ಕಷ್ಟ. "ಇಲ್ರೀ, ನಾ ಹೇಳಬೇಕಂದಿದ್ದು ಏನಂದ್ರ" ಎಂದು ಬಾಯಿಗೆ ಬಂದರೆ, ಆ ಮಾತು ಕತೆಯೊಳಗೆ ಇಲ್ಲ ಎಂದು ಗುರುತು ಹಾಕಿಕೊಳ್ಳಿ. ಹೇಳಿದ್ದನ್ನೆಲ್ಲ ಒಪ್ಪಬೇಕಾಗಿಲ್ಲ. ಒಬ್ಬರು ಹೇಳಿದರೆ ಕೇಳಿಸಿಕೊಳ್ಳಿ, ಮೂವರು ಒಂದೇ ಕಡೆ ಬೆರಳಿಟ್ಟರೆ ಅಲ್ಲೇನೋ ಮುರಿದಿದೆ. ಹಾಗೆಯೇ, ಅರ್ಧ ಬರೆದು ಇನ್ನೂ ದಾರಿ ಕಾಣದ ಕತೆಯನ್ನು ಒಯ್ಯಬೇಡಿ. ಎಲ್ಲರೂ ತಮ್ಮ ತಮ್ಮ ಕತೆ ಮಾಡಿಕೊಟ್ಟು ಕಳಿಸುತ್ತಾರೆ.

ಕಳವಿನ ಭಯಕ್ಕೆ ಬರೋಣ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಕತೆ ಬರೆದ ಕ್ಷಣದಿಂದಲೇ ಅದರ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯವಲ್ಲ. ನಿಮ್ಮ ಜೀವಮಾನವಿಡೀ, ಅದರ ಮೇಲೆ ಇನ್ನೂ 60 ವರ್ಷ ಅದು ಉಳಿಯುತ್ತದೆ. ಆದರೆ ಕಾಯ್ದೆ ಕಾಯುವುದು ಬರೆದ ಮಾತುಗಳನ್ನು, ಬರೀ ಕಲ್ಪನೆಯನ್ನು ಕಾಯುವುದಿಲ್ಲ. ಅದಕ್ಕೇ ಬರೆದು ಮುಗಿಸಿ ಓದಿ, ಬರೆಯದೇ ಹೇಳುತ್ತಾ ತಿರುಗಬೇಡಿ. ಪ್ರತಿಯಲ್ಲಿ ಹೆಸರು, ತಾರೀಖು ಇರಲಿ. ನನ್ನನ್ನು ಕೇಳಿದರೆ ಕಳವಿಗಿಂತ ವಾಟ್ಸಾಪ್ ಗುಂಪಿಗೆ ಹೆಚ್ಚು ಹೆದರಬೇಕು: ಅಪ್ರಕಟಿತ ಕತೆಯೇ ಬೇಕು ಎನ್ನುವ ಸ್ಪರ್ಧೆಗಳಲ್ಲಿ ಅಲ್ಲಿ ಹಂಚಿದ್ದೇ ತೊಡಕಾಗಬಹುದು.

ಪ್ರತಿ ತಿಂಗಳು ಬರಲಾಗದಿದ್ದರೆ ಇಂಡಿಯಲ್ಲೇ ಮೂವರನ್ನು ಹುಡುಕಿ. ಕನ್ನಡ ಸಾಹಿತ್ಯ ಪರಿಷತ್ತಿಗೆ ತಾಲೂಕು ಘಟಕಗಳಿವೆ, ಗ್ರಂಥಾಲಯದಲ್ಲಿ, ಕಾಲೇಜಿನ ಕನ್ನಡ ಮೇಷ್ಟ್ರಲ್ಲಿ ವಿಚಾರಿಸಿ. ಮೂವರಲ್ಲಿ ಒಬ್ಬರು ಬರೆಯದೇ ಬರೀ ಓದುವವರಾಗಿದ್ದರೆ ಇನ್ನೂ ಒಳ್ಳೆಯದು.

ಮೊದಲ ಸಲ ಏನೂ ಓದಬೇಡಿ, ಸುಮ್ಮನೆ ಕೂತು ಕೇಳಿ ಬನ್ನಿ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಿಮಗೆ ಟಿಕೀಟಿನ ಚಿಂತೆಯಂತೂ ಇಲ್ಲ. ಊರಿಗೆ ಹಿಂದಿರುಗುವ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಮಾತ್ರ ಇಳಿಯುವಾಗಲೇ ಕೇಳಿಟ್ಟುಕೊಳ್ಳಿ. ಒಂದು ಕತೆಯ ಮೇಲೆ ಮಾತು ಶುರುವಾದರೆ ನಮ್ಮ ಮಂದಿ ಬೇಗ ಏಳುವುದಿಲ್ಲ.